ವಾಗ್ದಾನದ ಮಗು, ಕಾದ ತಾಯಿ



ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಲ್ಲಿ ಅಬ್ಬಲೂರೆಂಬ ಗ್ರಾಮವುಂಟು. ಅಲ್ಲಿಯ ಶಿವಾಲಯದಲ್ಲಿ ಕ್ರಿ. ಶ. ಸುಮಾರು 1200ರ ಒಂದು ದೀರ್ಘ ಶಾಸನವಿದೆ. ಅದನ್ನು ಓದುವವನಿಗೆ, ಅಲ್ಲಿಂದ ಸಾವಿರಾರು ಮೈಲಿ ದೂರದ ಇಬ್ರಿಯರ ಪ್ರಾಚೀನ ಗ್ರಂಥಗಳು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಇವೆರಡಕ್ಕೂ ಪರಸ್ಪರ ಸಂಪರ್ಕವಿತ್ತೆಂದು ನಾನು ಹೇಳುವುದಿಲ್ಲ. ಮನುಷ್ಯನ ಆಶೆ ಎರಡು ಕಡೆಗಳಲ್ಲಿಯೂ ಒಂದೇ ರೂಪವನ್ನು ತಾಳಿತೆಂಬುದಷ್ಟೇ ನನ್ನ ಮಾತು.

ಶಾಸನದ ಕಥೆ ಹೀಗಿದೆ. ಆಳಂದೆಯ ಪುರುಷೋತ್ತಮ ಭಟ್ಟನಿಗೂ ಅವನ ಪತ್ನಿ ಪದ್ಮಾಂಬಿಕೆಗೂ ಬಹುಕಾಲ ಮಕ್ಕಳಿರಲಿಲ್ಲ. ದಂಪತಿಗಳು ಶಿವನನ್ನು ಆರಾಧಿಸಿದರು. ಅತ್ತ ಕೈಲಾಸದಲ್ಲಿ ನಾರದನು ಬಂದು, ಭೂಲೋಕದಲ್ಲಿ ಪರಸಮಯಗಳು ಪ್ರಬಲವಾಗಿವೆಯೆಂದು ಬಿನ್ನವಿಸಿದನು. ಶಿವನ ಅಪ್ಪಣೆಯಂತೆ ವೀರಭದ್ರನ ಅಂಶವು ಆ ದಂಪತಿಗಳ ಮಗನಾಗಿ ಜನಿಸಿತು. ಅವನೇ ಏಕಾಂತದ ರಾಮಯ್ಯ. ಧರ್ಮವು ಕುಂದಿದ ಕಾಲ, ಬಂಜೆಯೆನಿಸಿದ ಸಾಧ್ವಿ, ದೈವದ ವಾಗ್ದಾನ, ಉದ್ಧಾರಕನಾದ ಶಿಶು: ಇವು ನಾಲ್ಕೂ ಇಲ್ಲಿವೆ.

ಇಬ್ರಿಯರಲ್ಲಿಯೂ ಇದೇ ಕ್ರಮ. ಫಿಲಿಷ್ಟಿಯರ ಕೈಕೆಳಗೆ ಜನರು ನರಳುತ್ತಿದ್ದಾಗ, ಮಾನೋಹನೆಂಬವನ ಮಕ್ಕಳಿಲ್ಲದ ಹೆಂಡತಿಗೆ ದೇವದೂತನು ಕಾಣಿಸಿಕೊಂಡು, ಜನರ ಬಿಡುಗಡೆಯನ್ನು ಆರಂಭಿಸುವ ಮಗನು ಹುಟ್ಟುವನೆಂದು ತಿಳಿಸಿದನು. ಆ ಮಗನೇ ಸಂಸೋನ. ಗಂಡನು ದೇವದರ್ಶನದಿಂದ ಸಾಯುವೆವೆಂದು ಭಯಪಟ್ಟಾಗ, ಕೊಲ್ಲಬೇಕೆಂದಿದ್ದರೆ ದೇವರು ನಮ್ಮ ಅರ್ಪಣೆಯನ್ನು ಸ್ವೀಕರಿಸುತ್ತಿದ್ದನೇ ಎಂದು ಸಮಾಧಾನ ಹೇಳಿದವಳು ಆಕೆ. ಆದರೆ ಗ್ರಂಥವು ಆಕೆಯ ಹೆಸರನ್ನು ಹೇಳುವುದಿಲ್ಲ. ಅಬ್ಬಲೂರಿನಲ್ಲಿ ತಾಯಿಗೆ ಹೆಸರುಂಟು, ಮಾತಿಲ್ಲ. ಇಬ್ರಿಯರಲ್ಲಿ ಮಾತುಂಟು, ಹೆಸರಿಲ್ಲ.

ಮಾತು ಹೆಸರು ಎರಡೂ ಉಳ್ಳವಳು ಹನ್ನ. ಶೀಲೋವಿನ ದೇವಸನ್ನಿಧಿಯಲ್ಲಿ ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸಿದ ಈಕೆಯನ್ನು ಅರ್ಚಕನು ಕುಡಿದವಳೆಂದು ಭ್ರಮಿಸಿದನು. ಪಡೆದ ಮಗ ಸಮುವೇಲನನ್ನು ಆಕೆ ಹರಕೆಯಂತೆ ದೇವರಿಗೇ ಒಪ್ಪಿಸಿದಳು. ಆಕೆಯದೆಂದು ಹೇಳುವ ಸ್ತೋತ್ರದ ಕೊನೆಯಲ್ಲಿ ದೇವರ ‘ಅಭಿಷಿಕ್ತ’ನ ಪ್ರಸ್ತಾಪವಿದೆ. ಇಬ್ರಿಯ ಭಾಷೆಯಲ್ಲಿ ಈ ಪದವೇ ಮೆಸ್ಸೀಯ. ಆಗ ಆ ಜನಕ್ಕೆ ರಾಜನೇ ಇರಲಿಲ್ಲವಾದುದರಿಂದ, ಸ್ತೋತ್ರವು ಅನಂತರದ ಕಾಲದ್ದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದರೂ ಆ ಮಾತನ್ನು ಒಬ್ಬ ತಾಯಿಯ ಬಾಯಲ್ಲಿಯೇ ಇಟ್ಟರೆಂಬುದು ಅರ್ಥವತ್ತಾಗಿದೆ. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಪ್ರವಾದಿ ಯೆಶಾಯನು ಶತ್ರುಭೀತನಾದ ಆಹಾಜ ರಾಜನಿಗೆ ತೋರಿಸಿದ ಗುರುತು ಸಹ ಸೈನ್ಯವಲ್ಲ. ಗರ್ಭಿಣಿಯಾಗುವ ತರುಣಿ ಮತ್ತು ಆಕೆಯ ಶಿಶು.

ಜನರು ಹೀಗೇಕೆ ಕಾಯುತ್ತಾರೆ? ನಮ್ಮ ಸೀಮೆಯ ಚರಿತ್ರೆಯೇ ಉತ್ತರ ಕೊಡುತ್ತದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿದನು. 1756ರಲ್ಲಿ ಪೇಶ್ವೆಯ ದಂಡು, 1786ರಲ್ಲಿ ಟಿಪ್ಪುವಿನ ದಂಡು ಸವಣೂರಿನ ಮೇಲೆ ಬಿದ್ದವು. ಕೋಟೆಯನ್ನು ಕಾಯುವವರು ಗಂಡಸರು. ಕೋಟೆ ಬಿದ್ದ ಮೇಲೆ ನಾಳೆಯನ್ನು ಕಾಯುವವರು ತಾಯಂದಿರು.

ಆದರೆ ಈ ಆಶೆಗೆ ಇನ್ನೊಂದು ಮುಖವುಂಟು. ಅಬ್ಬಲೂರಿನ ರಾಮಯ್ಯನು ತನ್ನ ಶಿರಸ್ಸನ್ನು ಕತ್ತರಿಸಿ ಮರಳಿ ಪಡೆದನೆಂದೂ, ಜೈನರು ಪಣದಂತೆ ನಡೆಯದಿರಲು ಜಿನಬಿಂಬವನ್ನು ಭಂಗಿಸಿದನೆಂದೂ ಶಾಸನವು ಹೆಮ್ಮೆಯಿಂದ ಹೇಳುತ್ತದೆ. ಹಾನಗಲ್ಲಿನ ಕದಂಬ ಕಾಮದೇವನು ಅಲ್ಲಿಯ ದೇವರಿಗೆ ಗ್ರಾಮವನ್ನು ದತ್ತಿಯಿತ್ತನು. ಒಂದು ಮನೆಯ ಉದ್ಧಾರಕನು ನೆರೆಮನೆಯ ಕಣ್ಣೀರಿಗೆ ಕಾರಣನಾದನು. ಬಸದಿಯಲ್ಲಿಯೂ ಶ್ರದ್ಧೆಯಿಂದ ದೀಪ ಹಚ್ಚಿದ ತಾಯಂದಿರು ಇದ್ದಿರಬೇಕಲ್ಲವೇ? ಅವರ ಮಾತನ್ನು ಆ ಕಲ್ಲು ಕೆತ್ತಲಿಲ್ಲ. ಹನ್ನಳ ಸ್ತೋತ್ರದಲ್ಲಿಯೂ ಬಲಿಷ್ಠರ ಬಿಲ್ಲು ಮುರಿಯುವ ಸಂತೋಷವಿದೆ. ಆದರೆ ಆಕೆಯ ಮಗ ಸಮುವೇಲನೇ, ಜನರು ರಾಜನನ್ನು ಬೇಡಿದಾಗ, ಅವನು ನಿಮ್ಮ ಮಕ್ಕಳನ್ನೂ ಹೊಲಗಳನ್ನೂ ಕಿತ್ತುಕೊಳ್ಳುವನೆಂದು ಎಚ್ಚರಿಸಿದನು.

ಶಿಗ್ಗಾವಿ ಸೀಮೆಯು ಇದೇ ಕಥೆಗೆ ಬೇರೊಂದು ಮುಕ್ತಾಯವನ್ನು ಕೊಟ್ಟಿದೆ. ಬಾಡದ ಬಚ್ಚಮ್ಮನು ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಕನಕದಾಸರನ್ನು ಪಡೆದಳೆಂದು ಪ್ರತೀತಿ. ಶಿಶುನಾಳದ ಹಜ್ಜೂಮಾ ಹುಲಗೂರಿನ ಖಾದರಶಾವಲಿಯ ಕೃಪೆಯಿಂದ 1819ರಲ್ಲಿ ಶರೀಫರನ್ನು ಹೆತ್ತಳೆಂದೂ ಜನರು ಹೇಳುತ್ತಾರೆ. ಇವು ಐತಿಹ್ಯಗಳು, ಜನನದ ದಾಖಲೆಗಳಲ್ಲ, ಜನತೆಯ ಹಂಬಲದ ದಾಖಲೆಗಳು. ಆ ಮಕ್ಕಳು ಯಾರ ಮೂರ್ತಿಯನ್ನೂ ಒಡೆಯಲಿಲ್ಲ, ಯಾವ ಸಿಂಹಾಸನವನ್ನೂ ಏರಲಿಲ್ಲ. ಒಬ್ಬರು ಕುಲದ ಗರ್ವವನ್ನು ಪ್ರಶ್ನಿಸಿದರು. ಇನ್ನೊಬ್ಬರು ಮುಸಲ್ಮಾನರಾಗಿ ಹುಟ್ಟಿ ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವೆಂದು ನಂಬಿದರು.

ಉದ್ಧಾರಕನು ಬರುವನೆಂದು ಕಾಯುವುದು ತಪ್ಪಲ್ಲ. ಬಂದವನು ಯಾರ ಬಾಗಿಲನ್ನು ಒಡೆಯುವನು, ಯಾರ ಬಾಗಿಲನ್ನು ತೆರೆಯುವನು ಎಂಬುದನ್ನು ವಿಚಾರಿಸುವುದು ಮಾತ್ರ ಕಾಯುವವರ ಹೊಣೆ. ಪದ್ಮಾಂಬಿಕೆಯನ್ನು ಕೇಳಿದ್ದರೆ ಆಕೆ ಏನು ಹೇಳುತ್ತಿದ್ದಳೋ!