ನ್ಯಾಯಾಲಯದ ದಫ್ತರದಲ್ಲಿ ನಮ್ಮ ಪೂರ್ವಜರು

ಧರ್ಮಕೇಂದ್ರವೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ದಾಖಲೆ ಪುಸ್ತಕಗಳನ್ನು. ಅದು ಯೋಗ್ಯವೇ ಸರಿ. ಈ ಪುಸ್ತಕಗಳನ್ನು ಬರೆದಿಡಬೇಕೆಂದೂ ಹಳೆಯವನ್ನು ಎಚ್ಚರದಿಂದ ಕಾಪಾಡಬೇಕೆಂದೂ 1983ರ ಧರ್ಮಸಭಾ ಸಂಹಿತೆಯ 535ನೆಯ ನಿಯಮ ವಿಧಿಸುತ್ತದೆ. ಆದರೆ ಹುಟ್ಟು, ಮದುವೆ, ಮರಣಗಳ ನಡುವೆ ನಮ್ಮ ಹಿರಿಯರು ಗದ್ದೆಗಾಗಿ, ತೋಡಿನ ನೀರಿಗಾಗಿ, ಗೇಣಿಯ ಅಕ್ಕಿಗಾಗಿ, ತಂದೆಯ ಆಸ್ತಿಯ ಪಾಲಿಗಾಗಿ ಪಟ್ಟ ಪಾಡು ಆ ಪುಸ್ತಕಗಳಲ್ಲಿಲ್ಲ. ಅದನ್ನು ಅರಸಬೇಕಾದುದು ತಾಲೂಕು ಕೇಂದ್ರದ ಸಿವಿಲ್ ನ್ಯಾಯಾಲಯದ ದಫ್ತರದಲ್ಲಿ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಆ ದಫ್ತರದ ಬಾಗಿಲನ್ನು ತಟ್ಟುವ ಬಗೆಯನ್ನು ಭಕ್ತಬಾಂಧವರ ಮುಂದಿಡಲು ಬಯಸುತ್ತೇವೆ.

ನಮ್ಮ ಕೆನರಾ ಸೀಮೆ 1799ರಲ್ಲಿ ಇಂಗ್ಲಿಷರ ವಶವಾಗಿ ಮದರಾಸು ಆಧಿಪತ್ಯಕ್ಕೆ ಸೇರಿತು. ಸಣ್ಣಪುಟ್ಟ ವ್ಯಾಜ್ಯಗಳನ್ನು ಊರಿನ ಸಮೀಪದಲ್ಲೇ ತೀರಿಸುವ ಉದ್ದೇಶದಿಂದ 1816ರ ಮದರಾಸು ಕಾಯಿದೆಗಳು ಗ್ರಾಮ ಮುನ್ಸೀಫರನ್ನೂ ಜಿಲ್ಲಾ ಮುನ್ಸೀಫರನ್ನೂ ನೇಮಿಸಿದವು. 1873ರ ಮದರಾಸು ಸಿವಿಲ್ ನ್ಯಾಯಾಲಯಗಳ ಕಾಯಿದೆಯು ಮುನ್ಸೀಫ್, ಸಬ್ ಜಡ್ಜ್, ಜಿಲ್ಲಾ ಜಡ್ಜ್ ಎಂಬ ಮೂರು ಮೆಟ್ಟಿಲುಗಳನ್ನು ಭದ್ರಪಡಿಸಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿದಾಗ ಕಾಸರಗೋಡು ಕೇರಳದ ಪಾಲಾಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಹುಡುಕುವವನು ಈ ಗಡಿಗಳನ್ನು ಮರೆಯಬಾರದು. 1956ಕ್ಕೆ ಮುನ್ನ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲ್ಮನವಿಯ ತೀರ್ಪು ಮದರಾಸಿನದು, ಬೆಂಗಳೂರಿನದಲ್ಲ. ಅಂದಿನ ಮುನ್ಸೀಫ್ ನ್ಯಾಯಾಲಯವು ಇಂದು ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವೆನಿಸಿದೆ. ಇಂದು ನಮ್ಮ ಸಮೀಪದಲ್ಲಿರುವ ನ್ಯಾಯಾಲಯವು ಆ ದಾವೆಯ ಕಾಲದಲ್ಲಿ ಸ್ಥಾಪನೆಯಾಗಿಯೇ ಇರಲಿಲ್ಲವಾದರೆ, ಆಗ ಆ ಗ್ರಾಮ ಯಾವ ನ್ಯಾಯಾಲಯಕ್ಕೆ ಸೇರಿತ್ತೆಂಬುದನ್ನು ಮೊದಲು ತಿಳಿಯಬೇಕು.

ಒಂದು ದಾವೆಯ ಕಟ್ಟಿನಲ್ಲಿ ಏನೇನಿರುತ್ತದೆ? ವಾದಿಯ ವಾದಪತ್ರ, ಪ್ರತಿವಾದಿಯ ಉತ್ತರ, ನ್ಯಾಯಾಧೀಶರು ಗೊತ್ತುಮಾಡಿದ ವಿವಾದಾಂಶಗಳು, ಸಾಕ್ಷಿಗಳ ಹೇಳಿಕೆ, ಗುರುತು ಹಾಕಿದ ದಸ್ತಾವೇಜುಗಳು, ತೀರ್ಪು, ಕೊನೆಗೆ ಡಿಕ್ರಿ. ಗಡಿಯ ತಕರಾರಿದ್ದರೆ ಕಮಿಷನರರ ನಕ್ಷೆಯೂ ಇದ್ದೀತು. ಬಾವಿ, ಕಟ್ಟಪುಣಿ, ಕಾಲುದಾರಿಗಳೆಲ್ಲ ಅದರಲ್ಲಿ ಮೂಡಿರುತ್ತವೆ. ಸಾಕ್ಷಿ ಹೇಳಿಕೆಯಂತೂ ಅಮೂಲ್ಯ ವಸ್ತು. ಸಾಕ್ಷಿಯ ತಂದೆಯ ಹೆಸರು, ವಯಸ್ಸು, ಕಸುಬು, ವಾಸಸ್ಥಳ ಇವಿಷ್ಟೂ ಅಲ್ಲಿ ಸಿಗುತ್ತವೆ. ಅಕ್ಷರವರಿಯದ ಒಕ್ಕಲಿಗನೂ ವಿಧವೆಯೂ ಕೊಂಕಣಿಯಲ್ಲೋ ತುಳುವಿನಲ್ಲೋ ಆಡಿದ ಮಾತು ನ್ಯಾಯಾಲಯದ ಭಾಷೆಗೆ ತಿರುಗಿಯಾದರೂ ಉಳಿದಿರುವುದು ಅಲ್ಲಿಯೇ.

ಬಳ್ಳಾರಿಯ ಅಬ್ರಹಾಂ ಕುಟುಂಬದ ದಾವೆ ಇದಕ್ಕೆ ಪ್ರಸಿದ್ಧ ನಿದರ್ಶನ. 1842ರಲ್ಲಿ ತೀರಿಕೊಂಡ ಮ್ಯಾಥ್ಯೂ ಅಬ್ರಹಾಂ ಎಂಬ ದೇಶೀಯ ಕ್ರೈಸ್ತನ ಆಸ್ತಿಗಾಗಿ ಅವನ ವಿಧವೆ ಶಾರ್ಲಟ್‌ಗೂ ತಮ್ಮ ಫ್ರಾನ್ಸಿಸ್‌ಗೂ ಹೂಡಿದ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ 1863ರಲ್ಲಿ ತೀರ್ಮಾನವಾಯಿತು. ಆ ಮನೆಯವರು ಹಿಂದೂ ಅವಿಭಕ್ತ ಕುಟುಂಬದ ರೂಢಿಯನ್ನು ಉಳಿಸಿಕೊಂಡಿದ್ದರೇ, ಬಿಟ್ಟಿದ್ದರೇ ಎಂಬುದೇ ಪ್ರಶ್ನೆ. ಆದ್ದರಿಂದ ಅವರ ಉಡುಗೆ, ನಡೆನುಡಿ, ನೆಂಟಸ್ತಿಕೆಗಳೆಲ್ಲ ವಿಚಾರಣೆಗೆ ಬಂದವು. ಒಂದು ಜಿಲ್ಲಾ ಕೇಂದ್ರದ ಆಸ್ತಿ ಜಗಳವು ದೇಶೀಯ ಕ್ರೈಸ್ತರ ಬದುಕಿನ ಬಗೆಯನ್ನೇ ದಾಖಲಿಸಿತು. ಮುಂದೆ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂದು, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ವಿಧವೆಗೆ ಮೂರನೆಯ ಒಂದು ಪಾಲನ್ನೂ, ಉಳಿದುದರಲ್ಲಿ ಗಂಡುಹೆಣ್ಣೆನ್ನದೆ ಮಕ್ಕಳೆಲ್ಲರಿಗೆ ಸಮಪಾಲನ್ನೂ ಕೊಟ್ಟಿತು. ಕಾನೂನಿನ ಈ ಮಾತು ನಮ್ಮ ಮನೆಗಳಲ್ಲಿ ಎಷ್ಟರಮಟ್ಟಿಗೆ ನಡೆಯಿತು, ಎಷ್ಟು ಸಹೋದರಿಯರು ಹಕ್ಕುಬಿಡುಗಡೆಗೆ ಹೆಬ್ಬೆಟ್ಟು ಒತ್ತಿದರು ಎಂಬುದಕ್ಕೆ ಪಾಲಿನ ದಾವೆಗಳೂ ನೋಂದಣಿ ಪುಸ್ತಕಗಳೂ ಸಾಕ್ಷಿ ನುಡಿಯಬಲ್ಲವು.

ಹುಡುಕುವ ಕ್ರಮ ಹೀಗೆ. ದಾವೆಯ ನಂಬರು, ವರ್ಷ, ನ್ಯಾಯಾಲಯದ ಹೆಸರು ಈ ಮೂರು ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೊದಲು ಮನೆಯ ಹಳೆಯ ಪೆಟ್ಟಿಗೆಯನ್ನು ತೆರೆಯಬೇಕು. ವ್ಯಾಜ್ಯ ಮುಗಿದ ಮೇಲೆ ಹಾಜರುಪಡಿಸಿದ ಮೂಲಪತ್ರಗಳನ್ನು ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ಅವಕಾಶವಿರುವುದರಿಂದ ಅನೇಕ ಮೂಲಗೇಣಿ ಚೀಟುಗಳು ಮನೆಗೇ ಮರಳಿವೆ; ಅವುಗಳ ಮೇಲಿನ ನ್ಯಾಯಾಲಯದ ಮುದ್ರೆಯಲ್ಲಿ ದಾವೆಯ ನಂಬರು ಇರುತ್ತದೆ. ಪೆಟ್ಟಿಗೆಯಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರರ ಕಚೇರಿಗೆ ಹೋಗಬೇಕು. ಸ್ಥಿರಾಸ್ತಿಯ ಪತ್ರಗಳನ್ನು ನಕಲಿಸಿರುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ತೆತ್ತು ಯಾರಾದರೂ ನೋಡಬಹುದೆಂದು 1908ರ ನೋಂದಣಿ ಕಾಯಿದೆಯ 57ನೆಯ ಕಲಮು ಹೇಳುತ್ತದೆ. ಹಿಂದಿನ ಡಿಕ್ರಿಯ ಉಲ್ಲೇಖ ಮುಂದಿನ ಕ್ರಯಪತ್ರದಲ್ಲಿ ಬರುವುದು ವಾಡಿಕೆ. ಆಮೇಲೆ ನ್ಯಾಯಾಲಯದ ದಾವೆಗಳ ರಿಜಿಸ್ಟರು. ಭೂಮಿಯ ವ್ಯಾಜ್ಯವನ್ನು ಭೂಮಿಯಿರುವ ಸೀಮೆಯ ನ್ಯಾಯಾಲಯದಲ್ಲಿ, ಅದರಲ್ಲೂ ಅಧಿಕಾರವುಳ್ಳ ಅತಿ ಕೆಳಗಿನ ಮೆಟ್ಟಿಲಲ್ಲಿ ಹೂಡಬೇಕೆಂಬುದು ನಿಯಮವಾದುದರಿಂದ ಮುನ್ಸೀಫ್ ನ್ಯಾಯಾಲಯದಿಂದಲೇ ಆರಂಭಿಸುವುದು ಲೇಸು.

ಹೆಸರುಗಳ ವಿಷಯದಲ್ಲಿ ಜಾಗರೂಕತೆ ಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ ಲತೀನಿನ ‘ಯೊವಾನ್ನೆಸ್’ ಆದವನು ಮನೆಯಲ್ಲಿ ‘ಜುವಾಂವ್’, ದಾವೆಯಲ್ಲಿ ‘ಜುವಾಂ ಸೋಜ’. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಹೆಸರು ಹೊಂದದಿದ್ದರೂ ತಂದೆಯ ಹೆಸರು, ವರ್ಗ ಅಥವಾ ಸರ್ವೆ ನಂಬರು ಹೊಂದಿದರೆ ಗುರುತು ಸಿಕ್ಕೀತು.

ಇಗರ್ಜಿಯೇ ಕಕ್ಷಿಯಾದ ದಾವೆಗಳಿಗೆ ಇನ್ನೊಂದು ದಾರಿಯುಂಟು. ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ಇಗರ್ಜಿಯ ಹೆಸರಿನಲ್ಲಿ ದಾವೆ ಹೂಡಲೂ ಎದುರಿಸಲೂ ಆಗದೆಂಬುದು 1917ರ ಸಂಹಿತೆಯ 1526ನೆಯ ಕಟ್ಟಳೆಯಾಗಿತ್ತು. 1983ರ ಸಂಹಿತೆಯ 1288ನೆಯ ನಿಯಮವೂ ಅದನ್ನೇ ಹೇಳುತ್ತದೆ. ನಮ್ಮ ಧರ್ಮಕೇಂದ್ರದ ನೂರು ವರ್ಷಗಳಲ್ಲಿ ಈ ಕಟ್ಟಳೆಯಿಲ್ಲದ ಕಾಲವೇ ಇಲ್ಲ. ಆದುದರಿಂದ ಧರ್ಮಪ್ರಾಂತದ ಪತ್ರಾಗಾರದ ಪತ್ರವ್ಯವಹಾರದಲ್ಲಿಯೂ ದಾವೆಯ ಸುಳಿವನ್ನು ಅರಸಬೇಕು. ಗೇಣಿದಾರಿಕೆಯ ತಕರಾರು ಮಾತ್ರ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಸಿವಿಲ್ ನ್ಯಾಯಾಲಯದ ಕೈಬಿಟ್ಟು ಭೂ ನ್ಯಾಯಮಂಡಳಿಗೆ ಹೋಯಿತು. ಆ ಕಡತಗಳನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ನಕಲು ಪಡೆಯಲು ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಡಬೇಕು. ದಾವೆಯ ವಿವರವನ್ನೂ ಬೇಕಾದ ಕಾಗದದ ಹೆಸರನ್ನೂ ಸ್ಪಷ್ಟವಾಗಿ ಬರೆದು, ನಿಗದಿಯಾದ ಶುಲ್ಕ ತೆರಬೇಕು. ಅರ್ಜಿದಾರನು ವ್ಯಾಜ್ಯದ ಕಕ್ಷಿಯಲ್ಲದಿದ್ದರೆ, ನಕಲು ಏತಕ್ಕೆ ಬೇಕೆಂಬುದನ್ನು ಪ್ರಮಾಣಪತ್ರದಲ್ಲಿ ತಿಳಿಸಿ ನ್ಯಾಯಾಲಯದ ಅಪ್ಪಣೆ ಪಡೆಯಬೇಕಾಗುತ್ತದೆ. ‘ಧರ್ಮಕೇಂದ್ರದ ಚರಿತ್ರೆಯ ಸಂಶೋಧನೆಗಾಗಿ’ ಎಂದು ಸತ್ಯವನ್ನೇ ಬರೆದರಾಯಿತು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸಾಕೆಂದು ಕೆಲವರು ಎಣಿಸುವುದುಂಟು. ಆದರೆ ನ್ಯಾಯಿಕ ಕಡತಗಳ ನಕಲನ್ನು ಉಚ್ಚ ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚಿಯಲ್ಲಿ ತೀರ್ಪಿತ್ತಿದೆ. ಗಣಕಯಂತ್ರದಲ್ಲಿ ಇಂದಿನ ದಾವೆಗಳ ವಿವರ ದೊರೆತರೂ ಅಜ್ಜನ ಕಾಲದ ದಾವೆಗೆ ದಫ್ತರದ ಕಟ್ಟನ್ನೇ ಬಿಚ್ಚಿಸಬೇಕು.

ಈ ಕೆಲಸ ತಡಮಾಡುವಂಥದಲ್ಲ. 1917ರ ದಾಖಲೆ ನಾಶ ಕಾಯಿದೆಯ ಮೇರೆಗೆ ಉಚ್ಚ ನ್ಯಾಯಾಲಯಗಳು ನಿಯಮ ರಚಿಸಿ, ಅವಧಿ ಮೀರಿದ ಕಾಗದಗಳನ್ನು ನಾಶಪಡಿಸಬಹುದು. ತೀರ್ಪು, ಡಿಕ್ರಿಗಳು ಉಳಿದು ಸಾಕ್ಷಿ ಹೇಳಿಕೆಗಳು ಹೋಗಿಬಿಡಬಹುದು. ಯಾರು ಗೆದ್ದರೆಂಬುದು ಉಳಿದು, ಬಡವನು ಏನು ಹೇಳಿದನೆಂಬುದು ಅಳಿದರೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ. ಕಾನೂನಿನ ಅವಧಿಯ ಜೊತೆಗೆ ಗೆದ್ದಲು, ಮಳೆಗಾಲದ ತೇವಗಳೂ ತಮ್ಮ ಪಾಲನ್ನು ಕೇಳುತ್ತಿವೆ.

ಇನ್ನು ಓದುವ ರೀತಿ. ವಾದಪತ್ರದಲ್ಲಿ ಬರೆದುದೆಲ್ಲ ಚರಿತ್ರೆಯಲ್ಲ. ಅದು ಒಂದು ಪಕ್ಷದ ಮಾತು. ಉತ್ತರವನ್ನೂ ಸಾಕ್ಷಿಯನ್ನೂ ತೀರ್ಪನ್ನೂ ಓದಿ, ಧರ್ಮಕೇಂದ್ರದ ಪುಸ್ತಕದೊಡನೆ ತಾಳೆನೋಡಿ, ಅನಂತರವೇ ನಿರ್ಣಯಕ್ಕೆ ಬರಬೇಕು. ಇಗರ್ಜಿಗೆ ಅನುಕೂಲವಾದ ತೀರ್ಪನ್ನು ಮಾತ್ರ ಕಟ್ಟುಹಾಕಿಸಿ, ಒಕ್ಕಲ ಪರವಾದುದನ್ನು ಮುಚ್ಚಿಡುವುದು ಚರಿತ್ರೆಗೂ ಧರ್ಮಕ್ಕೂ ಸಲ್ಲದ ನಡತೆ. ಸಹೋದರರು ನ್ಯಾಯಸ್ಥಾನಕ್ಕೆ ಹೋದುದಕ್ಕಾಗಿ ಸಂತ ಪೌಲರು ಕೊರಿಂಥದವರನ್ನು ಗದರಿಸಿದ್ದನ್ನು ನಾವೆಲ್ಲರೂ ಬಲ್ಲೆವು. ಆ ಜಗಳಗಳ ಕಾಗದಗಳನ್ನು ನಾವು ಇಂದು ಬಿಚ್ಚುವುದು ಹಗೆಯನ್ನು ಎಬ್ಬಿಸುವುದಕ್ಕಾಗಿ ಅಲ್ಲ. ಅನ್ಯಾಯವಾದಲ್ಲಿ ಅದನ್ನು ಅರಿಯುವುದಕ್ಕೆ, ಸಾಧ್ಯವಾದಲ್ಲಿ ಸರಿಪಡಿಸುವುದಕ್ಕೆ, ಮೃತರಾದ ಎರಡು ಕಡೆಯವರಿಗಾಗಿಯೂ ಒಂದೇ ಬಲಿಪೂಜೆಯಲ್ಲಿ ಪ್ರಾರ್ಥಿಸುವುದಕ್ಕೆ.

ಹಳೆಯ ಡಿಕ್ರಿ, ಚೀಟು, ನಕ್ಷೆಗಳನ್ನು ಇಟ್ಟುಕೊಂಡಿರುವ ಮನೆಯವರು ಮೂಲವನ್ನು ತಮ್ಮಲ್ಲೇ ಉಳಿಸಿಕೊಂಡು, ಪ್ರತಿಯೊಂದನ್ನು ಧರ್ಮಕೇಂದ್ರದ ಪತ್ರಾಗಾರಕ್ಕೆ ಒದಗಿಸಬೇಕೆಂದು ಪ್ರಾರ್ಥಿಸುತ್ತೇವೆ. ಹೀಗೆ ಕೂಡಿಟ್ಟರೆ, ಎರಡನೆಯ ಶತಮಾನದ ಚರಿತ್ರೆಯನ್ನು ಬರೆಯುವವರಿಗೆ ನಮ್ಮ ಹಿರಿಯರ ಹೆಸರುಗಳೊಡನೆ ಅವರ ದನಿಯೂ ಕೇಳಿಸೀತು. ದೇವರು ಈ ಕಾರ್ಯವನ್ನು ಆಶೀರ್ವದಿಸಲಿ.