ಬಾಸೆಲ್ ಮಿಶನರಿಗಳ ಮನೆವಾರ್ತೆ

ಕನ್ನಡ ನುಡಿಯಲ್ಲಿ ಅಭಿಮಾನವುಳ್ಳವರಲ್ಲಿ ಕಿಟೆಲ್ಲರ ಕೋಶವನ್ನು ಕಾಣದವರು ವಿರಳ. 1894ರಲ್ಲಿ ಮಂಗಳೂರಿನಿಂದ ಹೊರಬಿದ್ದ ಆ ಬೃಹದ್ಗ್ರಂಥವನ್ನು ಇಂದಿಗೂ ವಿದ್ವಾಂಸರು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಾರೆ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರ ಹೆಸರನ್ನು ಬಲ್ಲವರೂ ಅನೇಕರು. ಈ ಮಹನೀಯರು ಏನೇನು ಬರೆದರು, ಏನೇನನ್ನು ಅಚ್ಚು ಹಾಕಿಸಿದರು ಎಂಬ ವಿಷಯವಾಗಿ ಬೇಕಾದಷ್ಟು ಉಪನ್ಯಾಸಗಳು ಆಗಿವೆ. ಆದರೆ ಅವರು ಜ್ವರದಿಂದ ಮಲಗಿದಾಗ ಉಪಚರಿಸಿದವರು ಯಾರು, ಅವರ ಮದುವೆ ಹೇಗೆ ನಡೆಯುತ್ತಿತ್ತು, ಮಕ್ಕಳು ಎಲ್ಲಿ ಬೆಳೆದರು, ಮೈಯಲ್ಲಿ ಶಕ್ತಿ ಕುಂದಿದ ಮೇಲೆ ಅವರ ಗತಿ ಏನಾಯಿತು ಎಂದು ಕೇಳಿದವರು ಕಡಮೆ. ಮತಪ್ರಚಾರದ ಗುಣದೋಷಗಳ ವಿಚಾರ ಬೇರೆ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಪರದೇಶದಲ್ಲಿ ಸಂಸಾರ ಹೂಡಿದ ಜನರ ಯೋಗಕ್ಷೇಮವನ್ನು ಅವರನ್ನು ಕಳುಹಿಸಿದವರು ಯಾವ ಬಗೆಯಲ್ಲಿ ನೋಡಿಕೊಂಡರು ಎಂಬುದಷ್ಟನ್ನೇ ಈ ಹೊತ್ತು ವಿಚಾರಿಸೋಣ.

ಬಾಸೆಲ್ ಎಂಬುದು ಸ್ವಿಟ್ಸರ್ಲೆಂಡಿನಲ್ಲಿ ರೈನ್ ನದಿಯ ದಡದ ಮೇಲಿರುವ ಪಟ್ಟಣ. ಅಲ್ಲಿನ ಮಿಶನ್ ಸಂಘ ಹುಟ್ಟಿದ್ದು 1815ರಲ್ಲಿ. ಹಣವನ್ನೂ ಆಡಳಿತವನ್ನೂ ನಡೆಸುತ್ತಿದ್ದವರು ಬಹುಮಟ್ಟಿಗೆ ಆ ಊರಿನ ಶ್ರೀಮಂತರು. ಬೋಧಕರಾಗಿ ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮಕ್ಕಳು, ಕೈಕಸುಬಿನವರ ಮಕ್ಕಳು. ಈ ಅಂತರವನ್ನು ನಾವು ನೆನಪಿನಲ್ಲಿಡಬೇಕು. ಮುಂದೆ ಬರುವ ಕಟ್ಟಳೆಗಳಲ್ಲಿ ಮನೆಯ ಯಜಮಾನನು ಆಳುಮಕ್ಕಳನ್ನು ಸಾಕುವ ರೀತಿಯ ಒಂದು ಕಾಠಿಣ್ಯ ಕಾಣುತ್ತದೆ. ಅದರ ಮೂಲ ಇಲ್ಲಿದೆ.

1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಷ್ಟು ಹೊತ್ತಿಗೆ ಬಾಸೆಲಿನ ಆಡಳಿತ ಮಂಡಲಿಗೆ ಸಾವಿನ ಲೆಕ್ಕ ಚೆನ್ನಾಗಿ ತಿಳಿದಿತ್ತು. 1828ರಲ್ಲಿ ಆಫ್ರಿಕದ ಚಿನ್ನದ ಕರಾವಳಿಗೆ ನಾಲ್ವರನ್ನು ಕಳುಹಿಸಿದ್ದರು. ಮೂರು ವರ್ಷ ತುಂಬುವುದರೊಳಗೆ ನಾಲ್ವರೂ ತೀರಿಕೊಂಡರು. 1832ರಲ್ಲಿ ಮತ್ತೆ ಮೂವರು ಹೋದರು. ಅವರಲ್ಲಿ ಉಳಿದವರು ರೀಸ್ ಒಬ್ಬರೇ. ಭಾರತದ ಕರಾವಳಿ ಅಷ್ಟು ಘೋರವಾಗಿರಲಿಲ್ಲ. ಆದರೂ ಚಳಿಜ್ವರ, ಆಮಶಂಕೆ, ವಾಂತಿಭೇದಿ ಇವು ಯಾವ ಮನೆಯನ್ನೂ ಬಿಟ್ಟವುಗಳಲ್ಲ. ಜ್ವರಕ್ಕೆ ಕಾರಣ ಕೆಟ್ಟ ಗಾಳಿ ಎಂಬುದು ಆ ಕಾಲದ ವೈದ್ಯರ ನಂಬಿಕೆ. ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಬೀಜವನ್ನು ರೊನಾಲ್ಡ್ ರಾಸರು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ, ಅಂದರೆ ಕಿಟೆಲ್ಲರ ಕೋಶ ಅಚ್ಚಾಗಿ ಮೂರು ವರ್ಷಗಳಾದ ಮೇಲೆ. ಅದುವರೆಗೆ ಮಾಡಬಹುದಾಗಿದ್ದುದು ಇಷ್ಟೆ: ಎತ್ತರದ ಜಾಗದಲ್ಲಿ ಮನೆ ಕಟ್ಟುವುದು, ಕ್ವಿನೈನ್ ನುಂಗುವುದು, ಬೆಟ್ಟಕ್ಕೆ ಹೋಗುವುದು, ಅದೂ ಆಗದಿದ್ದರೆ ಹಡಗು ಹತ್ತುವುದು.

ಈ ಹಿನ್ನೆಲೆಯಲ್ಲಿ ಮಂಡಲಿಯವರು ಮದುವೆಯ ವಿಚಾರದಲ್ಲಿ ಮಾಡಿದ ನಿಬಂಧನೆಗಳನ್ನು ನೋಡಬೇಕು. ಹೊರಡುವಾಗ ಬೋಧಕನು ಅವಿವಾಹಿತನಾಗಿರಬೇಕು; ಎಲ್ಲಿಯೂ ಮಾತು ಕೊಟ್ಟಿರಕೂಡದು. ಸೇರಿದ ನಾಡಿನಲ್ಲಿ ಎರಡು ವರ್ಷ ದುಡಿದು, ಭಾಷೆ ಕಲಿತು, ಹವೆಗೆ ಒಗ್ಗಿಕೊಂಡಮೇಲೆ ಮದುವೆಗೆ ಅಪ್ಪಣೆ ಬೇಡಬಹುದು. ಅಪ್ಪಣೆ ಕೊಡುವುದು ಬಾಸೆಲಿನ ಮಂಡಲಿ. ಮನಸ್ಸಿನಲ್ಲಿ ಯಾವಳಾದರೂ ಕನ್ಯೆಯಿದ್ದರೆ ಹೆಸರನ್ನು ಸೂಚಿಸಬಹುದು. ಇಲ್ಲವಾದರೆ ಮಂಡಲಿಯವರೇ ಹುಡುಕುತ್ತಿದ್ದರು. ಕನ್ಯೆಯ ಊರಿನ ಪಾದ್ರಿ ಆಕೆಯ ನಡತೆಯನ್ನೂ, ವೈದ್ಯ ಆಕೆಯ ದೇಹಸ್ಥಿತಿಯನ್ನೂ ತಿಳಿಸಿ ಪತ್ರ ಬರೆಯಬೇಕು. ಎಲ್ಲವೂ ಕೂಡಿಬಂದರೆ ಆಕೆ ತೌರನ್ನು ಬಿಟ್ಟು ತಿಂಗಳುಗಟ್ಟಲೆ ಸಮುದ್ರದಲ್ಲಿ ಪ್ರಯಾಣ ಮಾಡಿ, ಬಂದರದಲ್ಲಿ ಇಳಿದು, ಅನೇಕ ವೇಳೆ ಅದೇ ಮೊದಲ ಸಲ ತನ್ನ ಗಂಡನಾಗುವವನ ಮುಖವನ್ನು ನೋಡುತ್ತಿದ್ದಳು. ಇದನ್ನು ಕೇಳಿ ಐರೋಪ್ಯರಿಗೆ ಆಶ್ಚರ್ಯವಾಗಬಹುದು. ಹೆಣ್ಣು ನೋಡುವ ಶಾಸ್ತ್ರವೂ ಇಲ್ಲದೆ ಹಿರಿಯರ ಮಾತಿನ ಮೇಲೆ ಹಸೆಯೇರಿದ ನಮ್ಮ ಅಜ್ಜಿಯರಿಗೆ ಏನೂ ಆಶ್ಚರ್ಯವಾಗುತ್ತಿರಲಿಲ್ಲ. ಒಂದೇ ಭೇದ. ನಮ್ಮ ಅಜ್ಜಿಯರ ತೌರು ಗಾಡಿಯ ದಾರಿಯಲ್ಲಿತ್ತು.

ಹೆಬಿಕ್ಕರು ಈ ಗೊಡವೆಗೇ ಹೋಗಲಿಲ್ಲ. ಬ್ರಹ್ಮಚಾರಿಯಾಗಿಯೇ ಇಪ್ಪತ್ತೈದು ವರ್ಷ ಇಲ್ಲಿದ್ದು 1859ರಲ್ಲಿ ಹಿಂದಿರುಗಿದರು. ಉಳಿದವರ ಸಂಸಾರದ ಕಥೆ ಅಷ್ಟು ಸರಳವಲ್ಲ. ಕನ್ನಡ ಸಾಹಿತ್ಯದ ವಿಷಯವಾಗಿ ಬರೆದ ವೈಗ್ಲೆಯವರು 1855ರಲ್ಲಿ ತೀರಿಕೊಂಡರು. ಅವರ ವಿಧವೆ ಪೌಲೀನೆಯನ್ನು ಮುಂದೆ ಮೋಗ್ಲಿಂಗರು ಮದುವೆಯಾದರು. ವೈಗ್ಲೆಯವರು ಮೋಗ್ಲಿಂಗರಿಗೆ ಬಂಧುವೂ ಹೌದು, ಒಡನಾಡಿಯೂ ಹೌದು. ಈ ವಿವಾಹದಲ್ಲಿ ಗೆಳೆಯನ ಸಂಸಾರವನ್ನು ಕೈಬಿಡಬಾರದೆಂಬ ಭಾವ ಇದ್ದಿರಬೇಕೆಂದು ನಮಗೆ ತೋರುತ್ತದೆ. ಆದರೆ ಆಕೆಯ ಆರೋಗ್ಯ ಕೆಟ್ಟಿತು. 1860ರಲ್ಲಿ ಮೋಗ್ಲಿಂಗರು ಕೊಡಗಿನ ಕೆಲಸವನ್ನು ಬಿಟ್ಟು ಆಕೆಯೊಡನೆ ಸ್ವದೇಶಕ್ಕೆ ಹೊರಟರು. ಮತ್ತೆ ಕನ್ನಡ ನಾಡನ್ನು ನೋಡಲಿಲ್ಲ. ಕಿಟೆಲ್ಲರು 1860ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಹೋಗಲು, ಆಕೆಯ ಸೋದರಿ ಜೂಲಿಯೇ ಅವರ ಮನೆಗೆ ಬಂದಳು. ಕೋಶದ ಪುಟಗಳಲ್ಲಿ ಈ ಇಬ್ಬರು ಸೋದರಿಯರ ಕುರುಹು ಏನೂ ಇಲ್ಲ.

ಮಕ್ಕಳ ವಿಚಾರವೇ ಎಲ್ಲಕ್ಕಿಂತ ಕಠಿಣವಾದುದು. 1850ರಿಂದ 1879ರವರೆಗೆ ಮಿಶನ್ನಿನ ಮೇಲ್ವಿಚಾರಕರಾಗಿದ್ದವರು ಯೋಸೆಫ್ ಯೋಸೆನ್‌ಹಾನ್ಸರು. ಬಹಳ ಶಿಸ್ತಿನ ಮನುಷ್ಯ. ಅವರ ಕಾಲದಲ್ಲಿ, 1853ರಲ್ಲಿ, ಮಿಶನರಿಗಳ ಮಕ್ಕಳು ಓದುವ ವಯಸ್ಸಿಗೆ ಬರುತ್ತಲೂ ಅವರನ್ನು ಯೂರೋಪಿಗೆ ಕಳುಹಿಸಬೇಕೆಂಬ ಕಟ್ಟಳೆ ಹುಟ್ಟಿತು. ಅಂಥ ಮಕ್ಕಳಿಗಾಗಿ ಬಾಸೆಲಿನಲ್ಲಿ ಒಂದು ಗೃಹವೂ ಏರ್ಪಾಟಾಯಿತು. ಊಟ, ಬಟ್ಟೆ, ಓದು, ವೈದ್ಯ ಎಲ್ಲ ಖರ್ಚನ್ನೂ ಮಿಶನ್ ವಹಿಸಿಕೊಂಡಿತು. ಹೊರನೋಟಕ್ಕೆ ಇದು ದೊಡ್ಡ ಉಪಕಾರ. ಸ್ವಂತ ಹಣದಿಂದ ಮಗನನ್ನು ವಿಲಾಯತಿಯಲ್ಲಿ ಓದಿಸುವ ಶಕ್ತಿ ಆ ಬಡ ಬೋಧಕರಲ್ಲಿ ಯಾರಿಗಿತ್ತು? ಇಲ್ಲಿನ ಬಿಸಿಲು ಎಳೆಯ ಮೈಗೆ ಆಗದು, ತಕ್ಕ ಶಾಲೆಗಳಿಲ್ಲ ಎಂಬ ಕಾರಣಗಳಲ್ಲಿಯೂ ಹುರುಳಿತ್ತು. ಇವುಗಳ ಜತೆಗೆ ಮೂರನೆಯ ಕಾರಣವೊಂದಿತ್ತು. ಆಯಾಗಳ ತೊಡೆಯ ಮೇಲೆ ಬೆಳೆದ ಮಕ್ಕಳು ಜರ್ಮನ್ ಮಾತಿಗಿಂತ ಮೊದಲು ಕನ್ನಡವನ್ನೋ ತುಳುವನ್ನೋ ಮಲೆಯಾಳವನ್ನೋ ಕಲಿಯುತ್ತಿದ್ದರು. ಈ ನಾಡಿನ ಜನರ ಸಹವಾಸದಿಂದ ಅವರ ಶೀಲ ಕೆಡುವುದೆಂದು ಮಂಡಲಿಯವರಿಗೆ ಭಯ. ಯಾವ ಜನರಿಗೆ ಉಪದೇಶ ಮಾಡಲು ತಂದೆಯನ್ನು ಕಳುಹಿಸಿದರೋ ಆ ಜನರ ಮಾತು ಮಗನ ಕಿವಿಗೆ ಬೀಳಬಾರದೆಂಬುದು ನಮಗೆ ಒಪ್ಪಿಗೆಯಾಗತಕ್ಕ ತರ್ಕವಲ್ಲ.

ಒಮ್ಮೆ ಹಡಗು ಹತ್ತಿದ ಮಗುವನ್ನು ತಾಯಿ ಮತ್ತೆ ನೋಡುವುದು ಎಷ್ಟೋ ವೇಳೆ ಹತ್ತು ವರ್ಷದ ಮೇಲೆ. ನಡುವೆ ಉಳಿಯುವುದು ಕಾಗದ ಮಾತ್ರ. ಅದೂ ಸುಯೆಜ್ ಕಾಲುವೆ ತೆರೆದ 1869ಕ್ಕೆ ಮುಂಚೆ ಎಷ್ಟು ನಿಧಾನವೆಂಬುದನ್ನು ಹೇಳಬೇಕಾಗಿಲ್ಲ. ಮಗನಿಗೆ ಕಾಯಿಲೆಯೆಂಬ ಸುದ್ದಿ ಧಾರವಾಡಕ್ಕೆ ಮುಟ್ಟುವ ಹೊತ್ತಿಗೆ ಮಗನು ಗುಣವಾಗಿ ಆಡುತ್ತಿರಬಹುದು, ಅಥವಾ ಮಣ್ಣಾಗಿರಬಹುದು.

ಗುಂಡರ್ಟರ ಸಂಸಾರ ಈ ಕಟ್ಟಳೆಗೂ ಹಿಂದಿನದು. ಆದರೂ ಅದರ ವೃತ್ತಾಂತದಿಂದ ಎಲ್ಲರ ಸ್ಥಿತಿಯೂ ತಿಳಿಯುತ್ತದೆ. ಹರ್ಮನ್ ಗುಂಡರ್ಟರು 1838ರಲ್ಲಿ ಜೂಲಿ ದ್ಯುಬ್ವಾ ಎಂಬ, ಫ್ರೆಂಚ್ ಮಾತಾಡುವ ಸ್ವಿಸ್ ತರುಣಿಯನ್ನು ಮದುವೆಯಾಗಿ, ಅದೇ ವರ್ಷ ಮಂಗಳೂರಿಗೆ ಬಂದು, ಮರುವರ್ಷ ತಲಚೇರಿಯಲ್ಲಿ ನೆಲಸಿದರು. ಜೂಲಿ ಅಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯನ್ನು ನಡೆಸಿದಳು. 1842ರಲ್ಲಿ ಮರೀ ಎಂಬ ಮಗಳು ಹುಟ್ಟಿದಳು. ಸ್ವದೇಶಕ್ಕೆ ಹೋಗಿದ್ದ ದಂಪತಿಗಳು 1847ರಲ್ಲಿ ಹಿಂದಿರುಗುವಾಗ ಮಗಳನ್ನು ಅಲ್ಲಿಯೇ ಬಿಟ್ಟುಬಂದರು. ಐದು ವರ್ಷದ ಮಗು. ಪರರ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬೆಳೆದು ಆಕೆ ತಾಯಿತಂದೆಗಳ ಬಳಿಗೆ ಬಂದದ್ದು 1857ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ. ಪರಕೀಯರ ಮಕ್ಕಳಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದ ಆ ತಾಯಿಗೆ ತನ್ನ ಮಗಳ ಬಾಲ್ಯವನ್ನು ನೋಡುವ ಭಾಗ್ಯ ಇರಲಿಲ್ಲ.

ಆಂಗ್ಲ ಸಂಘಗಳ ವ್ಯವಸ್ಥೆಯೂ ಬಹುಮಟ್ಟಿಗೆ ಇದೇ. ಲಂಡನಿನ ಬಳಿ ಮಿಶನರಿಗಳ ಹೆಣ್ಣುಮಕ್ಕಳಿಗೆ 1838ರಲ್ಲಿಯೂ ಗಂಡುಮಕ್ಕಳಿಗೆ 1842ರಲ್ಲಿಯೂ ಶಾಲೆಗಳು ಏರ್ಪಟ್ಟವು. ಬೆಂಗಳೂರಿನಲ್ಲಿ ಲಂಡನ್ ಮಿಶನ್ನಿನ ಬೆಂಜಮಿನ್ ರೈಸರು ಐವತ್ತು ವರ್ಷ ಸೇವೆಮಾಡಿದರು. ಅವರ ಮಗ ಲೂಯಿ ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯರಾಗಿ ಮರಳಿದರು. 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಿಂದ ನಮ್ಮ ಶಾಸನಗಳನ್ನೆಲ್ಲ ಬೆಳಕಿಗೆ ತಂದವರು ಅವರೇ. ಹುಟ್ಟಿದ ಊರಿನ ಸೆಳೆತ ಎಷ್ಟೆಂಬುದನ್ನು ಅಳೆಯುವವರಾರು? ಶಾಲೆ ಇಂಗ್ಲೆಂಡಿನದಾದರೂ ಜೀವನದ ಕೆಲಸ ಮೈಸೂರಿನದಾಯಿತು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸರೂ ಅದೇ ಮನೆಯವರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಎಲ್ಲರೂ ಬಲ್ಲರು; 1906ರಲ್ಲಿ ತೆರೆದ ಆ ಆಸ್ಪತ್ರೆಗೆ ಇರುವ ಹೆಸರು ವೆಸ್ಲಿಯನ್ ಮಿಶನರಿಯೊಬ್ಬರ ಪತ್ನಿಯ ಸ್ಮಾರಕ.

ಬೆಟ್ಟಗಳ ಮಾತನ್ನು ಹೇಳಿದೆವು. ನೀಲಗಿರಿಯ ಕೇತಿ ಎಂಬಲ್ಲಿ ಕಾಸಮೇಜರ್ ಎಂಬ ನಿವೃತ್ತ ಅಧಿಕಾರಿ ವಾಸವಾಗಿದ್ದರು. ಬಡಗರಲ್ಲಿ ಕೆಲಸ ಮಾಡಬೇಕೆಂಬ ಹಂಬಲದಿಂದ ಮುಪ್ಪಿನಲ್ಲಿ ಕನ್ನಡವನ್ನು ಕಲಿತವರು. ಅವರ ಆಶ್ರಯದಲ್ಲಿ 1846ರಲ್ಲಿ ಬಾಸೆಲಿನವರ ಠಾಣ್ಯ ಅಲ್ಲಿ ಆರಂಭವಾಯಿತು. ಮೊದಲು ಹೋದವರು ವೈಗ್ಲೆಯವರು. ಕರಾವಳಿಯ ಹವೆ ಅವರಿಗೆ ಹಿಡಿಸಿರಲಿಲ್ಲ. ಹೀಗೆ ಉಪದೇಶದ ಠಾಣ್ಯವೇ ಆರೋಗ್ಯಧಾಮವೂ ಆಯಿತು; ಕೆಳಗಿನಿಂದ ಸೊರಗಿ ಬಂದವರು ಅಲ್ಲಿನ ತಣ್ಣನೆಯ ಗಾಳಿಯಲ್ಲಿ ಚೇತರಿಸಿಕೊಳ್ಳುತ್ತಿದ್ದರು. ಮಧುರೆಯ ಅಮೆರಿಕನ್ ಮಿಶನರಿಗಳು ಇದೇ ಉದ್ದೇಶದಿಂದ 1845ರ ಸುಮಾರಿಗೆ ಕೊಡೈಕಾನಲನ್ನು ಹಿಡಿದರು. 1901ರಲ್ಲಿ ಅಲ್ಲಿ ಅವರ ಮಕ್ಕಳಿಗಾಗಿ ಒಂದು ಶಾಲೆಯೂ ಹುಟ್ಟಿತು. ಸಮುದ್ರದಾಚೆಗೆ ಕಳುಹಿಸುವುದರ ಬದಲು ಬೆಟ್ಟದ ಮೇಲೆ ಓದಿಸಬಹುದೆಂಬ ಈ ಬುದ್ಧಿ ಅರ್ಧ ಶತಮಾನ ಮುಂಚೆ ಹೊಳೆದಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತೋ!

ಮಂಡಲಿಯ ರಕ್ಷಣೆ ಸಂಪೂರ್ಣವಾಗಿ ಸೋತ ಕಾಲವೂ ಒಂದುಂಟು. 1914ರಲ್ಲಿ ಯುದ್ಧ ಹತ್ತಿಕೊಂಡಾಗ ಬಾಸೆಲಿನ ಬೋಧಕರಲ್ಲಿ ಜರ್ಮನರಾದವರು ಶತ್ರುಪ್ರಜೆಗಳೆನಿಸಿದರು. ಅನೇಕರು ಅಹಮದ್‌ನಗರದ ಶಿಬಿರಕ್ಕೆ ಹೋದರು. ಸಂಸಾರಗಳಿಗೆ ಬೆಳಗಾಂವಿಯಲ್ಲಿ ಶಿಬಿರ ಏರ್ಪಟ್ಟಿತು. 1915-16ರಲ್ಲಿ 'ಗೊಲ್ಕೊಂಡ' ಎಂಬ ಹಡಗಿನಲ್ಲಿ ಬಹು ಮಂದಿಯನ್ನು ಯೂರೋಪಿಗೆ ಸಾಗಿಸಿದರು.

ಮೈ ಮುರಿದು ಊರು ಸೇರಿದವರನ್ನು ಮಿಶನ್ನಿನ ಬಳಗ ಬೀದಿಗೆ ಬಿಡಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ವುರ್ಟೆಂಬರ್ಗಿನ ಕಾಲ್ವ್ ಎಂಬ ಚಿಕ್ಕ ಊರಿನಲ್ಲಿ ಮಿಶನ್ನಿಗೆ ಆಪ್ತವಾದ ಒಂದು ಪ್ರಕಾಶನ ಸಂಸ್ಥೆ ಇತ್ತು. ಆರೋಗ್ಯ ಕೆಟ್ಟು 1859ರಲ್ಲಿ ಹಿಂದಿರುಗಿದ ಗುಂಡರ್ಟರು ಅಲ್ಲಿ ಸೇರಿ, 1862ರಲ್ಲಿ ಅದರ ಮುಖ್ಯಸ್ಥರಾದರು. ಆ ನೆಮ್ಮದಿಯಲ್ಲಿ ಕುಳಿತು ತಮ್ಮ ಮಲೆಯಾಳ ನಿಘಂಟನ್ನು ಮುಗಿಸಿದರು. 1872ರಲ್ಲಿ ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಮಗಳು ಮರೀ ಇಸೆನ್‌ಬರ್ಗ್ ಎಂಬ ಮಿಶನರಿಯನ್ನು ಮದುವೆಯಾಗಿ, 1870ರಲ್ಲಿ ವಿಧವೆಯಾಗಿ, ಎರಡು ಮಕ್ಕಳೊಡನೆ ತಂದೆಯ ಮನೆಯನ್ನು ಸೇರಿದಳು. ನಾಲ್ಕು ವರ್ಷ ಭಾರತದಲ್ಲಿದ್ದು ಆರೋಗ್ಯ ಕೆಟ್ಟು 1873ರಲ್ಲಿ ಮರಳಿದ ಯೊಹಾನ್ನೆಸ್ ಹೆಸ್ಸೆ ಎಂಬ ತರುಣರನ್ನು ಗುಂಡರ್ಟರಿಗೆ ಸಹಾಯಕರಾಗಿ ಮಿಶನ್ನಿನವರು ಅಲ್ಲಿಗೇ ಕಳುಹಿಸಿದರು. 1874ರಲ್ಲಿ ಇಬ್ಬರಿಗೂ ಮದುವೆಯಾಯಿತು. ಅವರ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ, 'ಸಿದ್ಧಾರ್ಥ'ವನ್ನು ಬರೆದ ಹರ್ಮನ್ ಹೆಸ್ಸೆ. ಹುಡುಗನಾಗಿದ್ದಾಗ ಸ್ವಲ್ಪ ಕಾಲ ಆತನೂ ಬಾಸೆಲಿನ ಆ ಬಾಲಕರ ಗೃಹದಲ್ಲಿದ್ದನು. 1911ರಲ್ಲಿ ಪೂರ್ವದೇಶಗಳಿಗೆ ಹೊರಟು ಪಿನಾಂಗ್, ಸಿಂಗಾಪುರ, ಸುಮಾತ್ರಗಳನ್ನು ನೋಡಿ ಸಿಂಹಳಕ್ಕೆ ಬಂದನು. ಅಲ್ಲಿಂದ ಮಲೆಯಾಳ ಕರಾವಳಿಗೆ ಹೋಗಬೇಕೆಂದಿತ್ತು. ಹವೆ ಮೈಗೆ ಹಿಡಿಸದೆ ಕಾಯಿಲೆಯಾಗಿ, ತಾಯಿ ಹುಟ್ಟಿದ ತಲಚೇರಿಯನ್ನು ಕಾಣದೆಯೆ ಹಡಗು ಹತ್ತಿದನು.