ಪ್ಲೇಟು ತಿರುಗಿದ ಕಾಲ: ತುಂಗಭದ್ರೆಯ ಸೀಮೆಯಲ್ಲಿ ಕೇಳುಗರ ವಾದ

ಹಾಡುವವರಲ್ಲಿ ಯಾರು ಹೆಚ್ಚು, ನುಡಿಸುವವರಲ್ಲಿ ಯಾರ ಕೈ ಮೇಲು ಎಂಬ ವಾದ ಸಂಗೀತದಷ್ಟೇ ಹಳೆಯದಾದರೂ, ಆ ವಾದದಲ್ಲಿ ಬಾಯಿಹಾಕುವ ಅಧಿಕಾರ ಯಾರಿಗಿತ್ತು ಎಂಬುದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಅರಮನೆ, ವಾಡೆ ಮತ್ತು ಮಠಗಳ ಬೈಠಕ್‌ಗಳಲ್ಲಿ, ಅಂದರೆ ಆಹ್ವಾನಿತರಷ್ಟೇ ಕೂಡುವ ಸಂಗೀತಸಭೆಗಳಲ್ಲಿ, ಹಾಡು ಒಮ್ಮೆ ಹುಟ್ಟಿ ಒಮ್ಮೆಗೇ ಮುಗಿಯುತ್ತಿದ್ದುದರಿಂದ, ತೀರ್ಪು ಹೇಳುವವನು ಅಲ್ಲಿ ಕುಳಿತಿದ್ದವನೇ ಆಗಿರಬೇಕಿತ್ತು, ಅವನ ನೆನಪೇ ಅವನ ಸಾಕ್ಷಿಯಾಗಿತ್ತು. ಗ್ರಾಮಫೋನ್ ಬಂದ ಮೇಲೆ ಗುರುವಿಲ್ಲದ, ಪರಂಪರೆಯಿಲ್ಲದ, ಆದರೆ ಒಂದೇ ಹಾಡನ್ನು ನೂರು ಸಲ ಕೇಳಿದ ಹೊಸ ಬಗೆಯ ರಸಿಕ ಹುಟ್ಟಿಕೊಂಡನು. ಗದಗಿನಿಂದ ಕೊಪ್ಪಳ, ಗಂಗಾವತಿಗಳವರೆಗಿನ ಸೀಮೆಯಲ್ಲಿ ಸಂಗೀತದ ಅಭಿರುಚಿ ಬೆಳೆದ ಬಗೆಯನ್ನು ತಿಳಿಯಲು ಈ ಕೇಳುಗನ ಚರಿತ್ರೆಯೂ ಅಗತ್ಯ.

ಭಾರತದಲ್ಲಿ ವ್ಯಾಪಾರಕ್ಕಾಗಿ ಧ್ವನಿಮುದ್ರಣ ಆರಂಭವಾದದ್ದು 1902ರ ನವೆಂಬರ್‌ನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತದಲ್ಲಿ ಮುದ್ರಿಸಿಕೊಂಡ ಮೊದಲ ಕಲಾವಿದರ ಸಾಲಿನಲ್ಲಿ ಪ್ರಮುಖಳಾದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆರಂಭದಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದ ಪ್ಲೇಟುಗಳು, 1908ರಲ್ಲಿ ಕೋಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ನಂತರ ಇಲ್ಲಿಯೇ ತಯಾರಾಗತೊಡಗಿದವು. ಅರಗನ್ನು ಕಲ್ಲುಪುಡಿಯೊಂದಿಗೆ ಬೆರೆಸಿ ಒತ್ತಿದ ಈ ಕಪ್ಪು ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಕೈಯಿಂದ ಚಾವಿ ಕೊಟ್ಟರೆ ಓಡುವ ಯಂತ್ರವಾದ್ದರಿಂದ ವಿದ್ಯುತ್ತಿಲ್ಲದ ಊರಿನಲ್ಲಿಯೂ ನಡೆಯುತ್ತಿತ್ತು. ಉಕ್ಕಿನ ಸೂಜಿಯನ್ನು ಒಂದು ಮಗ್ಗುಲು ಮುಗಿಯುತ್ತಲೇ ಬದಲಿಸಬೇಕಾಗುತ್ತಿತ್ತು. ಹತ್ತು ಇಂಚಿನ ಪ್ಲೇಟಿನ ಮಗ್ಗುಲೊಂದರಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು.

ಈ ಮೂರು ನಿಮಿಷದ ಮಿತಿ ವಾದದ ವಿಷಯವನ್ನೇ ನಿರ್ಧರಿಸಿತು. ಹಿಂದುಸ್ತಾನಿ ಪದ್ಧತಿಯ ಮುಖ್ಯ ಪ್ರಕಾರವಾದ ಖ್ಯಾಲ್, ವಿಲಂಬಿತ ಅಂದರೆ ನಿಧಾನ ಲಯದಲ್ಲಿ ಒಂದೊಂದೇ ಸ್ವರವನ್ನು ತೆರೆಯುತ್ತ, ಗಂಟೆಗಟ್ಟಲೆ ಬೆಳೆಯಬಲ್ಲದು. ಅದನ್ನು ಪ್ಲೇಟಿಗೆ ಇಳಿಸುವಾಗ ವಿಸ್ತಾರವನ್ನು ಬಿಟ್ಟು ಸಾರವನ್ನಷ್ಟೇ ಹಿಡಿಯಬೇಕಿತ್ತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಈ ಇಕ್ಕಟ್ಟಿನಲ್ಲಿಯೂ ಅವಸರ ತೋರದೆ ಸ್ವರದ ಮೇಲೆ ನಿಂತು ಹಾಡಿದ ಪ್ಲೇಟುಗಳು ಬಹುದೂರ ಮುಟ್ಟಿದವು. ಘರಾಣೆ ಎಂದರೆ ಗುರುಶಿಷ್ಯರ ಪರಂಪರೆಯಲ್ಲಿ ರೂಪುಗೊಂಡ ಗಾಯನದ ಮನೆತನ. ಕಿರಾಣಾ ಘರಾಣೆಗೆ ಎದುರಾಗಿ ನಿಲ್ಲಿಸಲಾಗುತ್ತಿದ್ದ ಜಯಪುರ–ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ (1855–1946) ಧ್ವನಿಮುದ್ರಿಕೆ ಒಂದೂ ಉಳಿದಿಲ್ಲ. ಹೀಗಾಗಿ ಒಂದು ಪಕ್ಷದ ಹಿರಿಯರ ಕಂಠ ಕೇಳುಗನ ಮನೆಯಲ್ಲಿಯೇ ಇರುವಾಗ, ಇನ್ನೊಂದು ಪಕ್ಷದವರು ತಮ್ಮ ಹಿರಿಯರ ಹಿರಿಮೆಯನ್ನು ಶಿಷ್ಯರ ಮೂಲಕವೇ ಸ್ಥಾಪಿಸಬೇಕಾಯಿತು.

ಪ್ಲೇಟಿನ ಶಕ್ತಿಗೆ ಅತ್ಯಂತ ಪ್ರಸಿದ್ಧ ನಿದರ್ಶನ ಕೊಪ್ಪಳಕ್ಕೆ ನೆರೆಯ ಗದಗಿನದೇ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು, ಅಂದರೆ ಭಾವಕ್ಕೆ ಪ್ರಾಧಾನ್ಯವಿರುವ ಲಘುಶಾಸ್ತ್ರೀಯ ರಚನೆಯನ್ನು, ಕೇಳಿ ಮರುಳಾಗಿ, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರು. ಉತ್ತರ ಭಾರತವನ್ನು ಅಲೆದು ಕೊನೆಗೆ ಖಾನರ ಶಿಷ್ಯರಾದ ಸವಾಯಿ ಗಂಧರ್ವರನ್ನು ಸೇರಿದ್ದು ಹುಬ್ಬಳ್ಳಿಯ ಬಳಿಯ ಕುಂದಗೋಳದಲ್ಲಿ. ಅದೇ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಹಾಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿಯೂ, ಮಲ್ಲಿಕಾರ್ಜುನ ಮನಸೂರರ ಹಾಡುಗಳು ಹಿಸ್ ಮಾಸ್ಟರ್ಸ್ ವಾಯ್ಸ್ ಮುದ್ರೆಯ ಪ್ಲೇಟುಗಳಲ್ಲಿಯೂ ಹೊರಬಂದವು. ಮೊದಲು ಮೀರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಶೈಲಿಯನ್ನು ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಜಯಪುರದ ವಿದ್ಯೆಯನ್ನು ಪಡೆದ ಮನಸೂರರಿಂದಾಗಿ, ಕಿರಾಣಾ ಮತ್ತು ಜಯಪುರಗಳೆರಡಕ್ಕೂ ಧಾರವಾಡದ ಸೀಮೆಯಲ್ಲಿಯೇ ಸಮರ್ಥ ಪ್ರತಿನಿಧಿಗಳು ದೊರೆತರು. ಸ್ವರದ ಸಿಹಿಯೋ, ಲಯದೊಂದಿಗೆ ಹೆಣೆದ ತಾನಿನ, ಅಂದರೆ ವೇಗದ ಸ್ವರಸರಣಿಯ, ಬಿಗಿಯೋ ಎಂಬ ಪ್ರಶ್ನೆ ಇಲ್ಲಿನ ರಸಿಕರಿಗೆ ಮನೆಯ ಪ್ರಶ್ನೆಯಾಯಿತು.

ಆಡಳಿತದ ಗಡಿ ಈ ಅಭಿರುಚಿಗೆ ಅಡ್ಡವಾಗಲಿಲ್ಲ. ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದ ಗದಗು 1947ರಲ್ಲಿಯೇ ಸ್ವಾತಂತ್ರ್ಯ ಕಂಡಿದ್ದರೆ, ಕೊಪ್ಪಳ ಮತ್ತು ಯಲಬುರ್ಗಾಗಳು 1948ರವರೆಗೆ ನಿಜಾಮನ ರಾಜ್ಯದೊಳಗಿನ ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದವು. ಆದರೂ 1880ರ ದಶಕದಲ್ಲಿ ಹಾಕಿದ ಹುಬ್ಬಳ್ಳಿ–ಗುಂತಕಲ್ಲು ರೈಲು ಮಾರ್ಗ ಗದಗು, ಕೊಪ್ಪಳ, ಹೊಸಪೇಟೆಗಳನ್ನು ಒಂದೇ ದಾರದಲ್ಲಿ ಪೋಣಿಸಿತ್ತು. ಪಂಚಾಕ್ಷರಿ ಗವಾಯಿಗಳು (1892–1944) ಗದಗಿನಲ್ಲಿ ಸ್ಥಾಪಿಸಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವು ಬಡ ಮತ್ತು ಅಂಧ ಮಕ್ಕಳಿಗೆ ವಿದ್ಯೆ ಕೊಟ್ಟು, ಪ್ಲೇಟು ಕೊಳ್ಳಲಾರದ ಹಳ್ಳಿಗಳಿಗೂ ಜಾತ್ರೆ, ಪುರಾಣ ಮತ್ತು ನಾಟಕಗಳ ಮೂಲಕ ರಾಗಗಳನ್ನು ಮುಟ್ಟಿಸಿತು. ಸಂಡೂರು ತಾಲ್ಲೂಕಿನ ಲಕ್ಷ್ಮೀಪುರದಲ್ಲಿ ಹುಟ್ಟಿದ ಎಂ. ವೆಂಕಟೇಶಕುಮಾರರೂ ಅಲ್ಲಿಯೇ ಕಲಿತವರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯು ಈ ಕೆಲಸವನ್ನು ಇನ್ನಷ್ಟು ಹಬ್ಬಿಸಿತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದಾಗ, ಗಂಗಾವತಿಯ ಒಣಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದ ರೈತ ಕುಟುಂಬಗಳು ಬಂದು ನೆಲೆಸಿದ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಶ್ರೀರಾಮನಗರವು ಅಂತಹ ಹಿನ್ನೆಲೆಯಿಂದ ಬೆಳೆದ ಊರು. ಈ ವಲಸೆಯೊಂದಿಗೆ ಕೇಳುಗರ ವಾದಕ್ಕೆ ಮತ್ತೊಂದು ಭಾಷೆ ಸೇರಿತು: ತೆಲುಗು ಚಿತ್ರಗೀತೆಗೆ ಆಗ ಘಂಟಸಾಲರ (1922–1974) ಕಂಠವೇ ಮಾನದಂಡವಾಗಿತ್ತು, ಕನ್ನಡದಲ್ಲಿ ರಾಜ್‌ಕುಮಾರರ ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸರ ಕಂಠವಿತ್ತು. ಕನ್ನಡ ನಾಯಕನ ದನಿಯೆಂದು ಜನ ನಂಬಿದ್ದ ಶ್ರೀನಿವಾಸರು ಹುಟ್ಟಿದ್ದು ಕರಾವಳಿ ಆಂಧ್ರದ ಕಾಕಿನಾಡದಲ್ಲಿ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ರಾಜ್‌ಕುಮಾರರೇ ತಮ್ಮ ಹಾಡುಗಳನ್ನು ಹಾಡತೊಡಗಿದಾಗ, ನಟನ ದನಿ ಹೆಚ್ಚೋ ಗಾಯಕನ ದನಿ ಹೆಚ್ಚೋ ಎಂಬ ಚರ್ಚೆಗೂ ಎಡೆಯಾಯಿತು.

ಪಶ್ಚಿಮದಲ್ಲಿ ರಾಕ್ ಸಂಗೀತದ ರಸಿಕರು ತಂಡಗಳನ್ನೂ ಗಿಟಾರ್ ವಾದಕರನ್ನೂ ತೂಗಿನೋಡುವ ರೂಢಿಯ ಹಿಂದೆಯೂ ಇಂತಹದೇ ಯಂತ್ರದ ಕಥೆಯಿದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಎಲ್‌ಪಿ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘಾವಧಿಯ ಪ್ಲೇಟು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಅವಕಾಶ ಕೊಟ್ಟಿತು. 1960ರ ದಶಕದಲ್ಲಿ ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್ ಮೊದಲಾದವರ ಉದ್ದನೆಯ ಸೋಲೋಗಳು, ಅಂದರೆ ಹಾಡನ್ನು ನಿಲ್ಲಿಸಿ ವಾದ್ಯವೊಂದೇ ಮುಂದಾಗುವ ಭಾಗಗಳು, ಮನೆಮನೆಯಲ್ಲಿ ಸೂಜಿಯನ್ನು ಹಿಂದಕ್ಕಿಟ್ಟು ಮರಳಿ ಕೇಳುವ ವಸ್ತುಗಳಾದವು. ಅದೇ ಎಲ್‌ಪಿ ಭಾರತದಲ್ಲಿ ವಿಲಂಬಿತ ಖ್ಯಾಲಿಗೆ ಕಳೆದುಹೋಗಿದ್ದ ಉಸಿರನ್ನು ಮರಳಿ ಕೊಟ್ಟಿತು. ಬೆಂಗಳೂರಿನ ರಾಕ್ ಕೇಳುಗರು ಪ್ಲೇಟು, ಕ್ಯಾಸೆಟ್‌ಗಳಲ್ಲಿ ಮಾತ್ರ ಬಲ್ಲ ತಂಡಗಳನ್ನು ಕಣ್ಣಾರೆ ಕಾಣುವ ಅವಕಾಶ ಬಹಳ ತಡವಾಗಿ ಬಂದಿತು. ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ ನುಡಿಸಿದಾಗ, ದಶಕಗಳ ವಾದಕ್ಕೆ ಪ್ರತ್ಯಕ್ಷ ಪ್ರಮಾಣ ಸಿಕ್ಕಿತು.

ಗದಗಿನ ಬಾಲಕನಿಗಾಗಲಿ ಬೆಂಗಳೂರಿನ ಗಿಟಾರ್ ಪ್ರಿಯನಿಗಾಗಲಿ ಮೊದಲು ಬಂದದ್ದು ಯಂತ್ರದ ದನಿ, ಆಮೇಲೆ ಮನುಷ್ಯ. 1980ರ ದಶಕದ ಕ್ಯಾಸೆಟ್ಟು ಈ ದನಿಯನ್ನು ಅಗ್ಗವಾಗಿಸಿದರೆ, ಮೊಬೈಲು ಅದನ್ನು ಲೆಕ್ಕವಿಲ್ಲದಷ್ಟಾಗಿಸಿತು. ಆದರೆ ಒಂದು ಮಗ್ಗುಲು ಮುಗಿದು, ಸೂಜಿ ಬದಲಿಸಿ, ಚಾವಿ ಕೊಟ್ಟು ಮತ್ತೆ ಹಚ್ಚುವವರೆಗಿನ ಬಿಡುವು ಹಳೆಯ ಯಂತ್ರದೊಂದಿಗೇ ಹೋಯಿತು. ಕೂಡಿ ಕೇಳಿದವರು ಈಗಷ್ಟೇ ಕೇಳಿದ್ದರ ಬಗ್ಗೆ ಮಾತು ತೆಗೆಯುವುದಕ್ಕೆ ಇದ್ದ ಸಮಯ ಆ ಬಿಡುವೇ ಆಗಿತ್ತು.